ಮಳೆಗಾಲದಲ್ಲಿ ಕಚ್ಚಿಕೊಂಡ ಟೈಲ್‌ಸ್ಟಾಕ್ ಬಿಡಿಸಿದ ಬಗೆ

ಟೈಲ್‌ಸ್ಟಾಕಿನ ಹ್ಯಾಂಡ್‌ವೀಲ್ ಅಲುಗಲಿಲ್ಲ (ಲೋಹವನ್ನು ತಿರುಗಿಸಿ ಕಡೆಯುವ ಯಂತ್ರವಾದ ಲೇತಿನಲ್ಲಿ ತುಂಡಿನ ಇನ್ನೊಂದು ತುದಿಗೆ ಆಸರೆ ಕೊಡುವ ಭಾಗವೇ ಟೈಲ್‌ಸ್ಟಾಕ್). ಮಗಳ ಬಾಣಂತನಕ್ಕೆಂದು ಜೂನ್ ಮೊದಲ ವಾರ ನಾವಿಬ್ಬರೂ ಬೆಂಗಳೂರಿಗೆ ಹೋಗಿ, ಸೆಪ್ಟೆಂಬರ್ ನಡುವಿನಲ್ಲಿ ಕುಂದಾಪುರದ ಬದಿಯ ನಮ್ಮ ಮನೆಗೆ ಮರಳಿದ ಮರುದಿನದ ಮಾತು ಇದು. ಹಳೆಯ ಕೊಟ್ಟಿಗೆಯೇ ನನ್ನ ವರ್ಕ್‌ಶಾಪ್. ಲೇತಿನ ಮೇಲೆ ಹೊದಿಸಿದ್ದ ಪ್ಲಾಸ್ಟಿಕ್ ಹಾಳೆ ಎತ್ತಿದಾಗ ಅದರ ಒಳಮೈಯಲ್ಲಿ ನೀರಿನ ಹನಿಗಳು ಸಾಲುಗಟ್ಟಿ ನಿಂತಿದ್ದವು. ಬೆಡ್ಡಿಗೆ (ಟೈಲ್‌ಸ್ಟಾಕ್ ಕೂತಿರುವ ಉದ್ದನೆಯ ತಳಕ್ಕೆ) ದಪ್ಪವಾಗಿ ಗ್ರೀಸ್ ಹಚ್ಚಿ ಹೋಗಿದ್ದೆ, ಅದು ಉಳಿದುಕೊಂಡಿತ್ತು. ಟೈಲ್‌ಸ್ಟಾಕನ್ನು ಮರೆತಿದ್ದೆ. ಅದರೊಳಗೆ ಜಾರುವ ಕೊಳವೆ, ಅಂದರೆ ಬ್ಯಾರೆಲ್, 60 ಮಿ.ಮೀ. ಹೊರಗೆ ಚಾಚಿತ್ತು, ಅದರ ಬಾಯಲ್ಲಿ ತುಂಡಿಗೆ ಆನಿಸುವ ಮೊನೆಯಾದ ಸೆಂಟರ್ ಇತ್ತು, ಲಾಕ್ ಬಿಗಿಯಾಗಿತ್ತು. ಕೊನೆಯ ಕೆಲಸ ಮುಗಿಸಿದ ಸ್ಥಿತಿಯಲ್ಲೇ ಬಿಟ್ಟು ಬಸ್ ಹತ್ತಿದ್ದೆ.

ಪಕ್ಕದ ತೋಟದ ಹುಡುಗ ನಾವು ಬಂದ ಸುದ್ದಿ ತಿಳಿದು ಪಂಪಿನ ಶಾಫ್ಟ್ ಹಿಡಿದುಕೊಂಡು ಬಂದಿದ್ದ. ಅದು 450 ಮಿ.ಮೀ. ಉದ್ದವಿತ್ತು. ಅಷ್ಟು ಉದ್ದದ್ದನ್ನು ಬರೀ ಚಕ್ಕಿನಲ್ಲಿ (ತುಂಡನ್ನು ಕಚ್ಚಿ ತಿರುಗಿಸುವ ಭಾಗದಲ್ಲಿ) ಹಿಡಿದು ಕಡೆಯುವಂತಿಲ್ಲ, ಇನ್ನೊಂದು ತುದಿಗೆ ಟೈಲ್‌ಸ್ಟಾಕಿನ ಆಸರೆ ಬೇಕೇ ಬೇಕು. ನಾನು ವೀಲಿನ ಮೇಲೆ ಕೈಯಿಟ್ಟು ನಿಂತದ್ದನ್ನು ನೋಡಿ, "ಮಾವ, ಹಿಡಿಗೆ ಒಂದು ಪೈಪ್ ಸಿಕ್ಕಿಸಿ ಎಳೆಯಲೇ?" ಎಂದ. ಬೇಡ ಎಂದೆ.

ಬೇಡ ಎಂದದ್ದಕ್ಕೆ ಕಾರಣವಿದೆ. ಕೆಲಸಕ್ಕೆ ಸೇರಿದ ಮೊದಲ ವರ್ಷ ಟೂಲ್‌ರೂಮಿನಲ್ಲಿ ಇಂಥದೇ ಒಂದು ಟೈಲ್‌ಸ್ಟಾಕ್ ಬಿಗಿದಿತ್ತು. ನಾನು ಎರಡಡಿ ಪೈಪ್ ಸಿಕ್ಕಿಸಿ ಎಳೆದೆ. ವೀಲ್ ಸುಲಭವಾಗಿ ತಿರುಗಿತು, ಬ್ಯಾರೆಲ್ ಇದ್ದಲ್ಲೇ ಇತ್ತು. ಒಳಗಿನ ಗನ್‌ಮೆಟಲ್ (ಒಂದು ಬಗೆಯ ಕಂಚು) ನಟ್ಟಿನ ಥ್ರೆಡ್ ಪೂರ್ತಿ ಕಿತ್ತು ಬಂದಿತ್ತು. ಹೊಸ ನಟ್ ಮಾಡಿ ಕೂರಿಸುವವರೆಗೆ ಆ ಯಂತ್ರ ನಿಂತೇ ಇತ್ತು. ನಮ್ಮ ಹಿರಿಯ ಮೇಸ್ತ್ರಿ ಬೈಯಲಿಲ್ಲ. ಕಿತ್ತುಬಂದ ಥ್ರೆಡ್ಡಿನ ಸುರುಳಿಯನ್ನು ನನ್ನ ಅಂಗೈಯಲ್ಲಿಟ್ಟು ಹೋದರು. ಆ ತೂಕ ನನಗೆ ಇಂದಿಗೂ ನೆನಪಿದೆ.

ಬಿಗಿದ ಟೈಲ್‌ಸ್ಟಾಕನ್ನು ಬಿಡಿಸಲು ಹೊರಡುವವರು ಮೊದಲು ತಿಳಿಯಬೇಕಾದದ್ದು, ಹಿಡಿದುಕೊಂಡಿರುವುದು ಯಾವುದು ಎಂಬುದನ್ನು. ನಾನು ಬ್ಯಾರೆಲ್ ಎನ್ನುವುದನ್ನು ಕೆಲವರು ಸ್ಪಿಂಡಲ್ ಎನ್ನುತ್ತಾರೆ, ಕೆಲವರು ಕ್ವಿಲ್ ಎನ್ನುತ್ತಾರೆ. ಅದು ಬೀಡಿನ (ಎರಕದ ಕಬ್ಬಿಣದ) ಬಾಡಿಯೊಳಗಿನ ರಂಧ್ರದಲ್ಲಿ ಹಿಂದೆ ಮುಂದೆ ಜಾರುವ ಉಕ್ಕಿನ ಕೊಳವೆ. ಅದರ ಹಿಂಬದಿಯಲ್ಲಿ ನಟ್, ನಟ್ಟಿನೊಳಗೆ ಹ್ಯಾಂಡ್‌ವೀಲಿನ ಸ್ಕ್ರೂ. ಬ್ಯಾರೆಲ್ ತನ್ನಷ್ಟಕ್ಕೆ ಗಿರಗಿರ ತಿರುಗದಂತೆ ಅದರ ಉದ್ದಕ್ಕೂ ಒಂದು ಗಾಡಿ (ಉದ್ದನೆಯ ತೋಡು) ಕೊರೆದಿರುತ್ತಾರೆ, ಆ ಗಾಡಿಯೊಳಗೆ ಬಾಡಿಯಿಂದ ಬಂದ ಒಂದು ಕೀ ಸ್ಕ್ರೂವಿನ ಮೂತಿ ಕೂತಿರುತ್ತದೆ. ಮೇಲ್ಭಾಗದಲ್ಲಿ ಲಾಕ್. ಹೀಗೆ ಬ್ಯಾರೆಲನ್ನು ಹಿಡಿಯಬಲ್ಲವು ನಾಲ್ಕು: ಸ್ಕ್ರೂ, ಲಾಕ್, ಕೀ, ತುಕ್ಕು. ಈ ನಾಲ್ಕರಲ್ಲಿ ಮೂರನ್ನು ಬಲ ಹಾಕದೆ ಬಿಚ್ಚಿ ತೆಗೆಯಬಹುದು. ಉಳಿಯುವ ಒಂದರ ಮೇಲೆ ಮಾತ್ರ ಬಲ ಹಾಕಬೇಕು, ಅದೂ ನೇರವಾಗಿ.

ವೀಲನ್ನು ಎರಡು ಬೆರಳಲ್ಲಿ ಹಿಡಿದು ಎಡಕ್ಕೂ ಬಲಕ್ಕೂ ಆಡಿಸಿ ನೋಡಿ. ಹಳೆಯ ಲೇತಿನಲ್ಲಿ ಸ್ಕ್ರೂವಿಗೂ ನಟ್ಟಿಗೂ ನಡುವೆ ಸ್ವಲ್ಪ ಸಡಿಲ ಇದ್ದೇ ಇರುತ್ತದೆ. ಆ ಸಡಿಲದಷ್ಟು ವೀಲ್ ಆಡಿ, ಆಮೇಲೆ ಗಕ್ಕನೆ ನಿಂತರೆ ಸ್ಕ್ರೂ ಚೆನ್ನಾಗಿದೆ, ಸಿಕ್ಕಿಕೊಂಡಿರುವುದು ಬ್ಯಾರೆಲ್. ಕೂದಲೆಳೆಯಷ್ಟೂ ಆಡದಿದ್ದರೆ ಸ್ಕ್ರೂ ಅಥವಾ ಅದರ ಹಿಂದಿನ ಕಾಲರ್ ತುಕ್ಕು ಹಿಡಿದಿದೆ. ಆಗ ಮೊದಲು ಅಲ್ಲಿಗೇ ಎಣ್ಣೆ ಬಿಡಬೇಕು. ನನ್ನದರಲ್ಲಿ ವೀಲ್ ಕಾಲು ಸುತ್ತಿಗೂ ಕಡಿಮೆ ಆಡಿ ನಿಂತಿತು. ಸಮಾಧಾನವಾಯಿತು.

ಮುಂದೆ ಲಾಕ್. ಹೆಚ್ಚಿನವರು ಇಲ್ಲಿಯೇ ಮೋಸಹೋಗುತ್ತಾರೆ. ಹಿಡಿಯನ್ನು ಸಡಿಲಿಸಿದ ಮಾತ್ರಕ್ಕೆ ಲಾಕ್ ಬಿಟ್ಟಿತು ಎಂದುಕೊಳ್ಳಬಾರದು. ಪಂಜಾಬಿನ ಬಟಾಲದಲ್ಲಿ ತಯಾರಾದ ನನ್ನ ನಾಲ್ಕೂವರೆ ಅಡಿಯ ಲೇತಿನಲ್ಲಿ ಬ್ಯಾರೆಲ್ಲಿನ ಮಗ್ಗುಲಿಗೆ ಮೇಲಿನಿಂದ ಕೆಳಕ್ಕೆ ಒಂದು ರಂಧ್ರವಿದೆ. ಅದರಲ್ಲಿ ಎರಡು ಉಕ್ಕಿನ ಗುಳಿಗೆಗಳು, ಒಂದು ಮೇಲೆ, ಒಂದು ಕೆಳಗೆ. ಎರಡರ ಮೂಲೆಯನ್ನೂ ಬ್ಯಾರೆಲ್ಲಿನ ದುಂಡಿಗೆ ಹೊಂದುವಂತೆ ಕಮಾನಾಗಿ ಕಡೆದಿದ್ದಾರೆ. ಹಿಡಿ ತಿರುಗಿಸಿದರೆ ಅದರ ಸ್ಟಡ್ ಇವೆರಡನ್ನೂ ಹತ್ತಿರಕ್ಕೆ ಎಳೆದು ಬ್ಯಾರೆಲನ್ನು ಅವುಚುತ್ತದೆ. ಹಿಡಿ ಬಿಟ್ಟರೂ ತುಕ್ಕು ಹಿಡಿದ ಗುಳಿಗೆಗಳು ಅವುಚಿಕೊಂಡೇ ಇರುತ್ತವೆ. ಹಿಡಿಯನ್ನು ಮೂರು ಸುತ್ತು ಸಡಿಲಿಸಿ, ಸ್ಟಡ್ಡಿನ ತಲೆಯ ಮೇಲೆ ಹಿತ್ತಾಳೆ ಸರಳಿಟ್ಟು ಮೆಲ್ಲಗೆ ಬಡಿಯಿರಿ. ಕೆಳಗಿನ ಗುಳಿಗೆ ಕೆಳಕ್ಕೆ ಸರಿಯುತ್ತದೆ. ಬಳಿಕ ಹಿಡಿಯನ್ನು ಪೂರ್ತಿ ಬಿಚ್ಚಿದರೆ ಅದು ಕೆಳಗೆ ಬೀಳುತ್ತದೆ. ಅಡಿಯಿಂದ ತೆಳ್ಳಗಿನ ಸರಳು ತೂರಿಸಿ ಮೇಲಿನದನ್ನು ಮೇಲಕ್ಕೇ ತಳ್ಳಬಹುದು. ಕೆಲವು ಲೇತ್‌ಗಳಲ್ಲಿ ಗುಳಿಗೆಗಳ ಬದಲು ಬಾಡಿಯನ್ನೇ ಸೀಳಿ ಬೋಲ್ಟಿನಿಂದ ಬಿಗಿಯುತ್ತಾರೆ. ಅಂಥ ಸೀಳಿಗೆ ಉಳಿ ಬಡಿದು ಅಗಲಿಸುವ ಆಸೆ ಬರುತ್ತದೆ. ದಯವಿಟ್ಟು ಮಾಡಬೇಡಿ. ಬೀಡು ಬಾಗುವುದಿಲ್ಲ, ಒಡೆಯುತ್ತದೆ.

ಕೀ ಸ್ಕ್ರೂ ನನ್ನ ಲೇತಿನಲ್ಲಿ ಬಾಡಿಯ ಹಿಂಬದಿಯಲ್ಲಿದೆ, ಅದು ಸಡಿಲವಾಗದಂತೆ ತಡೆಯುವ ಚೆಕ್ ನಟ್ ಬಿಚ್ಚಿ ಹೊರತೆಗೆಯುವುದಷ್ಟೇ ಕೆಲಸ. ಅದು ಅಡಿಯಲ್ಲಿರುವ ಲೇತ್‌ಗಳೂ ಇವೆ. ಆಗ ಬಾಡಿಯನ್ನು ಅದರ ಕೆಳಗಿನ ತಳದಿಂದ ಬೇರ್ಪಡಿಸಬೇಕಾದೀತು. ಹಾಗೆ ಮಾಡುವ ಮುಂಚೆ ಎರಡೂ ಭಾಗದ ಮೇಲೆ ಹಾಯುವಂತೆ ಒಂದು ಚೂಪಾದ ಗೆರೆ ಗೀಚಿಕೊಳ್ಳಿ. ಚಕ್ಕನ್ನು ಹೊತ್ತ ಹೆಡ್‌ಸ್ಟಾಕಿಗೂ ಟೈಲ್‌ಸ್ಟಾಕಿಗೂ ಇರುವ ನೇರ ಆ ಅಡ್ಡ ಹೊಂದಿಕೆಯ ಮೇಲೆಯೇ ನಿಂತಿದೆ. ಕಳೆದುಕೊಂಡರೆ ಮತ್ತೆ ಹಿಡಿಯಲು ಅರ್ಧ ದಿನ ಬೇಕು.

ಇನ್ನು ಸ್ಕ್ರೂ. ಅದು ನಟ್ಟಿನಲ್ಲಿ ಇರುವವರೆಗೆ ನಾವು ಬ್ಯಾರೆಲ್ಲಿಗೆ ಕೊಡುವ ಪ್ರತಿ ಪೆಟ್ಟೂ ಗನ್‌ಮೆಟಲ್ ಥ್ರೆಡ್ಡಿನ ಮೇಲೆ ಬೀಳುತ್ತದೆ. ಅದನ್ನು ಹೊರತೆಗೆಯಲು ಒಂದು ಚೆಂದದ ದಾರಿಯಿದೆ. ವೀಲಿನ ಹಿಂದಿನ ಮುಚ್ಚಳವನ್ನು ಬಾಡಿಗೆ ಹಿಡಿದಿರುವ ಅಲೆನ್ ಬೋಲ್ಟುಗಳನ್ನು ಬಿಚ್ಚಿ. ಈಗ ವೀಲನ್ನು ಬ್ಯಾರೆಲ್ ಮುಂದೆ ಬರಲಿ ಎಂಬಂತೆ, ಅಂದರೆ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗಿಸಿ. ಬ್ಯಾರೆಲ್ ಮುಂದೆ ಬರಲಾರದು. ಆದ್ದರಿಂದ ಸ್ಕ್ರೂವೇ ಹಿಂದಕ್ಕೆ ಬರುತ್ತದೆ, ಮುಚ್ಚಳವನ್ನೂ ಜೊತೆಗೆ ತರುತ್ತದೆ. ಇಲ್ಲಿನ ಥ್ರೆಡ್ ಸಾಮಾನ್ಯವಾಗಿ ಎಡಗೈಯದು ಎಂಬುದು ನೆನಪಿರಲಿ. ಕೈಯ ರೂಢಿಯಂತೆ ಎಡಕ್ಕೆ ತಿರುಗಿಸಿ ಬಿಚ್ಚಲು ಹೋದರೆ ಸ್ಕ್ರೂ ಇನ್ನಷ್ಟು ಒಳಗೆ ಹೋಗಲು ನೋಡುತ್ತದೆ. ಹುಡುಗ ಇದನ್ನು ನೋಡಿ ಎರಡು ಸಲ ಬಲಕ್ಕೆ, ಒಂದು ಸಲ ಎಡಕ್ಕೆ ತಿರುಗಿಸಿ ತಾನೇ ಪರೀಕ್ಷಿಸಿಕೊಂಡ. ನಾನು ತಡೆಯಲಿಲ್ಲ. ಕೈಗೆ ತಿಳಿದದ್ದು ಮರೆಯುವುದಿಲ್ಲ.

ಸ್ಕ್ರೂ ಬಂದ ಮೇಲೆ ಹಿಂದಿನಿಂದ ಬ್ಯಾರೆಲ್ ಪೊಳ್ಳು. ಆ ದಾರಿಯಿಂದ ಹಿತ್ತಾಳೆ ಸರಳು ತೂರಿಸಿ ಸೆಂಟರನ್ನು ಹೊಡೆದು ತೆಗೆಯಿರಿ. ಸೆಂಟರಿನ ಬಾಲ ಮೋರ್ಸ್ ಟೇಪರ್, ಅಂದರೆ ಸುಮಾರು 20ಕ್ಕೆ 1ರಂತೆ ಕಿರಿದಾಗುವ ಬೆಣೆ. ಒಂದು ಗಟ್ಟಿ ಪೆಟ್ಟಿಗೆ ಬಿಡುತ್ತದೆ, ಹತ್ತು ಅಳುಕಿನ ಪೆಟ್ಟಿಗೆ ಬಿಡುವುದಿಲ್ಲ. ಬೆಡ್ಡಿನ ಮೇಲೆ ಹಲಗೆ ಹಾಸಿ, ಸೆಂಟರ್ ಬೀಳುವಲ್ಲಿ ಬಟ್ಟೆ ಹಿಡಿಯಲು ಒಬ್ಬರನ್ನು ನಿಲ್ಲಿಸಿ.

ಇಷ್ಟಾದ ಮೇಲೂ ಬ್ಯಾರೆಲ್ ಕದಲದಿದ್ದರೆ ಉಳಿದದ್ದು ತುಕ್ಕು ಒಂದೇ. ಬ್ಯಾರೆಲ್ಲಿಗೂ ಬಾಡಿಗೂ ನಡುವಿನ ಸಂದು ಒಂದು ಮಿ.ಮೀ.ನ ನೂರನೆಯ ಭಾಗದ ಲೆಕ್ಕದ್ದು. ಕಬ್ಬಿಣ ತುಕ್ಕಾದಾಗ ತಾನಿದ್ದದ್ದಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ. ನಮ್ಮ ಕರಾವಳಿಯ ಉಪ್ಪುಗಾಳಿಗೆ, ನಾಲ್ಕು ತಿಂಗಳ ಮಳೆಗೆ ಆ ಸಂದು ತುಂಬಲು ಏನೂ ಕಷ್ಟವಿಲ್ಲ.

ಟೈಲ್‌ಸ್ಟಾಕನ್ನು ಬೆಡ್ಡಿನಿಂದ ಇಳಿಸಿ, ಮೂತಿ ಮೇಲೆ ಮಾಡಿ ಮೂಲೆಯಲ್ಲಿ ನಿಲ್ಲಿಸಿದೆ. ಹೊರಚಾಚಿದ ಬ್ಯಾರೆಲ್ಲಿನ ತುಕ್ಕನ್ನು ಸೀಮೆಎಣ್ಣೆ ಹಚ್ಚಿ, ತೆಳು ಸ್ಟೀಲ್ ವೂಲಿನಲ್ಲಿ ಉಜ್ಜಿ ತೆಗೆದೆ. ಬ್ಯಾರೆಲ್ ಬಾಡಿಯನ್ನು ಹೊಗುವ ಅಂಚಿನ ಸುತ್ತ ಕಿಟಕಿ ಗಾಜಿಗೆ ಹಚ್ಚುವ ಪುಟ್ಟಿಯಿಂದ ಒಂದು ಪುಟ್ಟ ಕಟ್ಟೆ ಕಟ್ಟಿದೆ. ಅಸಿಟೋನ್ ಒಂದು ಪಾಲು, ಕಾರಿನ ಪವರ್ ಸ್ಟೀರಿಂಗಿಗೆ ಹಾಕುವ ಕೆಂಪು ಎಣ್ಣೆ ಒಂದು ಪಾಲು ಬೆರೆಸಿ ಆ ಕಟ್ಟೆಯೊಳಗೆ ಬಿಟ್ಟೆ. ಇವೆರಡೂ ಬೆರೆತು ನಿಲ್ಲುವುದಿಲ್ಲ, ಪ್ರತಿ ಸಲ ಬಾಟಲಿ ಕುಲುಕಬೇಕು. ಅಸಿಟೋನ್ ಬಣ್ಣ ಕೀಳುತ್ತದೆ, ಥಟ್ಟನೆ ಬೆಂಕಿ ಹಿಡಿಯುತ್ತದೆ. ಕಿಟಕಿ ತೆರೆದಿರಲಿ, ಒಲೆ ಬೀಡಿ ದೂರವಿರಲಿ. ಲಾಕಿನ ರಂಧ್ರದಿಂದಲೂ ಕೀ ಸ್ಕ್ರೂವಿನ ರಂಧ್ರದಿಂದಲೂ ಮೇಲಿನ ಎಣ್ಣೆಯ ತೂತಿನಿಂದಲೂ ಬಿಡಿ. ನಾನು ಮೂರು ದಿನ ಬೆಳಿಗ್ಗೆ ಸಂಜೆ ಬಿಟ್ಟೆ, ಬಿಟ್ಟಾಗಲೆಲ್ಲ ಬಾಡಿಯ ಸುತ್ತ ಮರದ ಕೊಡತಿಯಿಂದ ಲಘುವಾಗಿ ತಟ್ಟಿದೆ. ತಟ್ಟುವುದು ಕದಲಿಸಲಿಕ್ಕಲ್ಲ. ನಡುಕ ಹುಟ್ಟಿದರೆ ಎಣ್ಣೆ ತುಕ್ಕಿನ ಪದರಗಳ ನಡುವೆ ಇಳಿಯುತ್ತದೆ.

ನಾಲ್ಕನೆಯ ದಿನ ಎಳೆಯುವ ಬದಲು ತಿರುಚಲು ಹೋದೆ. ಕೀ ಹೊರಗಿದೆಯಾದ್ದರಿಂದ ಈಗ ಬ್ಯಾರೆಲ್ ತಿರುಗಬಲ್ಲದು. ತುಕ್ಕಿನ ಹಿಡಿತ ನೇರ ಎಳೆತಕ್ಕಿಂತ ತಿರುಚಿಗೆ ಬೇಗ ಸಡಿಲುತ್ತದೆಂಬುದು ನನ್ನ ಅನುಭವ. ಪೈಪ್ ರೆಂಚ್ ಹಾಕಬಾರದು. ಅದರ ಹಲ್ಲು ಬ್ಯಾರೆಲ್ಲಿನ ಮೇಲೆ ಮೂಡಿತೆಂದರೆ ಮುಂದೆ ಬೋರಿನೊಳಗೆ (ಬಾಡಿಯ ರಂಧ್ರದೊಳಗೆ) ಪ್ರತಿ ಸಲವೂ ಗೀರು ಬೀಳುತ್ತದೆ. ಹಲಸಿನ ಮರದ ತುಂಡೊಂದರಲ್ಲಿ 32 ಮಿ.ಮೀ. ರಂಧ್ರ ಕೊರೆದೆ, ನನ್ನ ಬ್ಯಾರೆಲ್ಲಿನ ವ್ಯಾಸ ಅಷ್ಟೇ. ರಂಧ್ರದ ನಡುವೆ ಹಾಯುವಂತೆ ಗರಗಸದಿಂದ ಸೀಳಿ, ಎರಡು ಬೋಲ್ಟು ಹಾಕಿ ಹಿಡಿಕಟ್ಟಿನಂತೆ ಬಿಗಿದೆ. ಎರಡಡಿ ಉದ್ದದ ಹಿಡಿ ಬಂತು. ಬಾಡಿಯನ್ನು ಮತ್ತೆ ಬೆಡ್ಡಿಗೆ ಬಿಗಿದು, ಹಿಡಿಯನ್ನು ಒಂದು ಸಲ ಆ ಕಡೆ, ಒಂದು ಸಲ ಈ ಕಡೆ ಒತ್ತಿದೆ. ಮೊದಲ ಹತ್ತು ನಿಮಿಷ ಮರವೇ ಜಾರಿತು. ರಂಧ್ರದ ಒಳಮೈಗೆ ಸೀಮೆಸುಣ್ಣದ ಪುಡಿ ಹಚ್ಚಿದ ಮೇಲೆ ಹಿಡಿತ ಬಂತು. ಆದರೆ ಬ್ಯಾರೆಲ್ ತಿರುಗಲಿಲ್ಲ.

ಶಾಖ ಕೊಡಬೇಕಾಯಿತು. ಅದಕ್ಕೆ ಮುಂಚೆ ಪುಟ್ಟಿ ಕಿತ್ತು, ಎಣ್ಣೆ ಒರೆಸಿ, ಅಸಿಟೋನ್ ಆರಲು ಒಂದು ಇಡೀ ದಿನ ಗಾಳಿಗೆ ಬಿಟ್ಟೆ. ಈ ಒಂದು ದಿನವನ್ನು ಯಾರೂ ಉಳಿಸಲು ನೋಡಬೇಡಿ. ಹಾಟ್ ಏರ್ ಗನ್ ಸಾಕು, ಗ್ಯಾಸ್ ಟಾರ್ಚ್ ಬೇಡ; ಒಂದೇ ಕಡೆ ಕಾದ ಬೀಡು ಬಿರುಕು ಬಿಡುತ್ತದೆ. ಬಾಡಿಯ ಸುತ್ತಲೂ ಗನ್ ಆಡಿಸುತ್ತಾ ಹೋದೆ. ಒಂದು ಹನಿ ನೀರು ಹಾಕಿದರೆ ಚುಯ್ ಎನ್ನುವಷ್ಟು ಕಾಯಬೇಕು. ಲೆಕ್ಕ ಬೇಕಿದ್ದವರಿಗೆ: ಬೀಡು ಒಂದು ಡಿಗ್ರಿಗೆ ಪ್ರತಿ ಮೀಟರಿಗೆ ಸುಮಾರು 0.011 ಮಿ.ಮೀ. ಹಿಗ್ಗುತ್ತದೆ. 60 ಡಿಗ್ರಿ ಏರಿದರೆ 32 ಮಿ.ಮೀ. ಬೋರ್ ಸುಮಾರು 0.02 ಮಿ.ಮೀ. ದೊಡ್ಡದಾಗುತ್ತದೆ. ಕೇಳಲು ಏನೂ ಅಲ್ಲವೆನಿಸಬಹುದು, ಆದರೆ ಅಲ್ಲಿರುವ ಸಂದೇ ಅಷ್ಟು. ಬ್ಯಾರೆಲ್ ಕೂಡ ಜೊತೆಗೇ ಕಾದರೆ ಅದೂ ಹಿಗ್ಗಿ ಲಾಭ ಕಳೆಯುತ್ತದೆ. ಅದಕ್ಕಾಗಿ ಬ್ಯಾರೆಲ್ಲಿನ ಪೊಳ್ಳಿನೊಳಗೆ ತಣ್ಣೀರಲ್ಲಿ ಅದ್ದಿದ ಬಟ್ಟೆಯ ಪಟ್ಟಿ ತೂರಿಸಿಟ್ಟಿದ್ದೆ.

ಹುಡುಗ ಮರದ ಹಿಡಿ ಹಿಡಿದಿದ್ದ. ನಾನು ಗನ್ ಆಡಿಸುತ್ತಿದ್ದೆ. ಒಣ ಕಡ್ಡಿ ಮುರಿದಂತೆ ಒಂದು ಸದ್ದು ಬಂತು. ಅವನು ಗಾಬರಿಯಿಂದ ಕೈ ತೆಗೆದು, "ಮಾವ, ಏನೋ ಒಡೆಯಿತು" ಎಂದ. ಒಡೆದದ್ದು ತುಕ್ಕು. ಬ್ಯಾರೆಲ್ಲಿನ ಮೇಲಿನ ಅಳತೆಯ ಗೆರೆ ಅಕ್ಕಿಕಾಳಿನಷ್ಟು ಬದಿಗೆ ಸರಿದಿತ್ತು. ನನ್ನ ಕಣ್ಣು ತುಂಬಿತು. ಈ ಲೇತನ್ನು ನಿವೃತ್ತಿಯ ದುಡ್ಡಿನಲ್ಲಿ ಕೊಂಡದ್ದು, 31 ವರ್ಷ ಇನ್ನೊಬ್ಬರ ಯಂತ್ರದ ಮೇಲೆ ಕೆಲಸ ಮಾಡಿದ ಮೇಲೆ.

ತಿರುಗಿದ್ದು ಹೊರಬಂದಂತಲ್ಲ. ಹೊರಗೆ ಎಳೆಯಲು ಬಡಿಯಬಾರದು. ನಾನು ಮಾಡಿಕೊಂಡ ಎಳೆಯುವ ಸಾಧನ ಇಷ್ಟೇ: ಮಾರುಕಟ್ಟೆಯಲ್ಲಿ ಸಿಗುವ 10 ಮಿ.ಮೀ.ನ ಉದ್ದ ಥ್ರೆಡ್ ರಾಡು, 150 ಮಿ.ಮೀ. ಉದ್ದದ ಒಂದೂವರೆ ಇಂಚು ಪೈಪು, ನಡುವೆ ರಂಧ್ರವಿರುವ 12 ಮಿ.ಮೀ. ದಪ್ಪದ ತಟ್ಟೆ, 30 ಮಿ.ಮೀ. ವ್ಯಾಸದ ದಪ್ಪ ವಾಷರ್. ವಾಷರ್ ಬ್ಯಾರೆಲ್ಲಿಗಿಂತ ತುಸು ಚಿಕ್ಕದಿರಲೇಬೇಕು, ಬ್ಯಾರೆಲ್ಲಿನ ಬೆನ್ನಹಿಂದೆ ಅದೂ ಬೋರಿನೊಳಗೆ ಸಾಗಬೇಕಲ್ಲ. ವಾಷರನ್ನೂ ಪೈಪಿನ ಎರಡು ತುದಿಗಳನ್ನೂ ಇದೇ ಲೇತಿನ ಚಕ್ಕಿನಲ್ಲಿ ಹಿಡಿದು ಕಡೆದೆ. ಪೈಪಿನ ತುದಿ ಸೊಟ್ಟಗಿದ್ದರೆ ಎಳೆತವೂ ಸೊಟ್ಟಗಾಗಿ ಬ್ಯಾರೆಲ್ ಮತ್ತೆ ಕಚ್ಚುತ್ತದೆ. ರಾಡನ್ನು ಬ್ಯಾರೆಲ್ಲಿನ ಪೊಳ್ಳಿನಲ್ಲಿ ಹಾಯಿಸಿ, ಹಿಂಬದಿಗೆ ವಾಷರ್ ಮತ್ತು ನಟ್ ಹಾಕಿ. ಮುಂಬದಿಯಲ್ಲಿ ಚಾಚಿದ ಬ್ಯಾರೆಲನ್ನು ಒಳಗೊಳ್ಳುವಂತೆ ಪೈಪನ್ನು ಬಾಡಿಯ ಮುಖಕ್ಕೆ ಆನಿಸಿ, ಪೈಪಿನ ಬಾಯಿಗೆ ತಟ್ಟೆ ಇಟ್ಟು, ಗ್ರೀಸ್ ಹಚ್ಚಿದ ನಟ್ ಬಿಗಿಯುತ್ತಾ ಬನ್ನಿ. ಪೈಪು ಬಾಡಿಯನ್ನು ತಡೆಯುತ್ತದೆ, ರಾಡು ಬ್ಯಾರೆಲನ್ನು ಮುಂದಕ್ಕೆ ಎಳೆಯುತ್ತದೆ. ಮಾಮೂಲು ಸ್ಪ್ಯಾನರ್ ಸಾಕು. ಅದಕ್ಕೂ ಪೈಪು ಜೋಡಿಸುವಷ್ಟು ಬಿಗಿಯಾದರೆ ನಿಲ್ಲಿಸಿ, ಮತ್ತೆ ಎಣ್ಣೆ ಬಿಟ್ಟು, ಮರದ ಹಿಡಿಯಿಂದ ತಿರುಚಿ.

ಟ್ಯಾಪ್ ಹಾಕಿ ಥ್ರೆಡ್ ಕೊರೆದವರಿಗೆ ಮುಂದಿನ ಲಯ ಗೊತ್ತು. ಎರಡು ಮಿ.ಮೀ. ಮುಂದೆ, ಒಂದು ಮಿ.ಮೀ. ಹಿಂದೆ, ಎಣ್ಣೆ, ತಿರುಚು, ಮತ್ತೆ ಮುಂದೆ. ತುಕ್ಕಿನ ಪುಡಿ ಕೆಂಪು ಕೆಸರಾಗಿ ಅಂಚಿನಲ್ಲಿ ಹೊರಬರುತ್ತದೆ, ಪ್ರತಿ ಸಲ ಒರೆಸಬೇಕು. ಒರೆಸದೆ ಎಳೆದರೆ ಆ ಪುಡಿಯೇ ಉಂಡೆಗಟ್ಟಿ ಬೋರನ್ನು ಗೀರುತ್ತದೆ. ನನಗೆ ಒಂದು ಇಡೀ ಮಧ್ಯಾಹ್ನ ಹಿಡಿಯಿತು. ಕೊನೆಯ ಕಾಲು ಭಾಗ ಕೈಯಲ್ಲೇ ಬಂತು.

ಹೊರಬಂದ ಬ್ಯಾರೆಲನ್ನು ಎಮರಿ ಪಟ್ಟಿಯಲ್ಲಿ ಹೊಳೆಯುವಂತೆ ಉಜ್ಜಬೇಡಿ. ಹೊಳಪು ಬಂದಷ್ಟು ಅಳತೆ ಹೋಗುತ್ತದೆ. ಸೀಮೆಎಣ್ಣೆ, ಸ್ಟೀಲ್ ವೂಲ್, ತಾಳ್ಮೆ ಸಾಕು. ಕಪ್ಪು ಕಲೆಗಳು ಉಳಿದರೆ ಉಳಿಯಲಿ, ಅವು ಎಣ್ಣೆ ಹಿಡಿಯುತ್ತವೆ. ಉಗುರಿಗೆ ತಾಗುವ ಉಬ್ಬುಗಳನ್ನು ಮಾತ್ರ ಆಯಿಲ್ ಸ್ಟೋನಿನಿಂದ ಕೆಳಗಿಳಿಸಿ. ಕೀ ಗಾಡಿಯ ಅಂಚುಗಳನ್ನು ಬೆರಳಿನಿಂದ ಸವರಿ ನೋಡಿ. ನನ್ನದರಲ್ಲಿ ಒಂದು ಕಡೆ ಬರ್ (ಲೋಹದ ಚೂಪು ಸಿಬಿರು) ಎದ್ದಿತ್ತು, ತುಕ್ಕು ಮೊದಲು ಹಿಡಿದದ್ದು ಅಲ್ಲೇ ಇರಬೇಕು. ಬೋರಿಗೆ ಮರದ ದುಂಡು ಕೋಲಿಗೆ 600 ನಂಬರಿನ ಎಮರಿ ಸುತ್ತಿ, ಎಣ್ಣೆ ಅದ್ದಿ ನಾಲ್ಕಾರು ಸಲ ಆಡಿಸಿದೆ. ಆಮೇಲೆ ಬಿಳಿ ಬಟ್ಟೆ ಬಿಳಿಯಾಗಿಯೇ ಹೊರಬರುವವರೆಗೆ ತೊಳೆಯಬೇಕು. ಎಮರಿಯ ಕಣ ಒಳಗುಳಿದರೆ ತುಕ್ಕಿಗಿಂತ ಕೆಟ್ಟದ್ದು.

ಜೋಡಿಸುವಾಗ ಬ್ಯಾರೆಲ್ಲಿಗೆ 68 ನಂಬರಿನ ಯಂತ್ರದ ಎಣ್ಣೆ, ಲಾಕ್ ಗುಳಿಗೆಗಳಿಗೆ ಗ್ರೀಸ್. ಕೀ ಸ್ಕ್ರೂವನ್ನು ಗಾಡಿಯ ತಳ ಮುಟ್ಟುವವರೆಗೆ ತಿರುಗಿಸಿ, ಸ್ವಲ್ಪ ಹಿಂದಕ್ಕೆ ಬಿಟ್ಟು ಚೆಕ್ ನಟ್ ಬಿಗಿಯಿರಿ. ಮುಚ್ಚಳದ ಬೋಲ್ಟುಗಳನ್ನು ಒಮ್ಮೆಗೇ ಬಿಗಿಯಬೇಡಿ: ವೀಲ್ ತಿರುಗಿಸಿ ಬ್ಯಾರೆಲನ್ನು ಪೂರ್ತಿ ಒಳಗೆ ತಂದುಕೊಂಡು, ಮುಚ್ಚಳ ತನ್ನ ನೇರವನ್ನು ತಾನೇ ಕಂಡುಕೊಳ್ಳಲು ಬಿಟ್ಟು, ಆಮೇಲೆ ಒಂದೊಂದಾಗಿ ಬಿಗಿಯಿರಿ. ಬಳಿಕ ಬ್ಯಾರೆಲನ್ನು 50 ಮಿ.ಮೀ. ಚಾಚಿ, ಕೂದಲೆಳೆಯಷ್ಟು ಕದಲಿಕೆಯನ್ನೂ ತೋರಿಸುವ ಡಯಲ್ ಗೇಜ್ ಇಟ್ಟು, ಲಾಕ್ ಹಾಕಿ ತೆಗೆದು ನೋಡಿದೆ. ಮುಳ್ಳು ಒಂದು ಗೆರೆಯಷ್ಟು ಕದಲಿತು, ಮೊದಲೂ ಅಷ್ಟೇ ಕದಲುತ್ತಿತ್ತು.

ಹುಡುಗನ ಶಾಫ್ಟನ್ನು ಮರುದಿನ ಕಡೆದೆ. ಮೈಕ್ರೋಮೀಟರ್ ಹಿಡಿದಾಗ ಎರಡು ತುದಿಗಳ ನಡುವೆ 0.02 ಮಿ.ಮೀ. ವ್ಯತ್ಯಾಸ ಸಿಕ್ಕಿತು, ಪಂಪಿಗೆ ಅದು ಧಾರಾಳ.

ಈಗ ಮಳೆಗಾಲಕ್ಕೆ ಊರು ಬಿಡುವ ಮುಂಚೆ ಸೆಂಟರ್ ತೆಗೆದು ಎಣ್ಣೆ ಬಟ್ಟೆಯಲ್ಲಿ ಸುತ್ತಿಡುತ್ತೇನೆ. ಬ್ಯಾರೆಲನ್ನು ಪೂರ್ತಿ ಹೊರಗೆ ತಂದು ಗ್ರೀಸ್ ಹಚ್ಚಿ ಒಳಗೆ ಸೇರಿಸಿ, ಲಾಕನ್ನು ಸಡಿಲವಾಗಿ ಬಿಡುತ್ತೇನೆ. ಪ್ಲಾಸ್ಟಿಕ್ ಹಾಳೆ ಬಿಸಾಡಿದೆ. ಅದು ಮಳೆಯನ್ನು ತಡೆಯಿತು, ಒಳಗಿನ ತೇವವನ್ನು ಹೊರಗೆ ಬಿಡಲಿಲ್ಲ. ಅದರ ಜಾಗದಲ್ಲಿ ಎಣ್ಣೆ ಹಿಂಡಿದ ಹಳೆಯ ಹತ್ತಿ ಪಂಚೆ ಹೊದಿಸುತ್ತೇನೆ. ಕೊಟ್ಟಿಗೆಯ ಬೀಗದ ಕೈ ಹುಡುಗನ ಬಳಿ ಇರುತ್ತದೆ. ಭಾನುವಾರಕ್ಕೊಮ್ಮೆ ಬಂದು ವೀಲನ್ನು ಹತ್ತು ಸುತ್ತು ಬಲಕ್ಕೆ, ಹತ್ತು ಸುತ್ತು ಎಡಕ್ಕೆ ತಿರುಗಿಸಿ ಹೋಗುತ್ತಾನೆ.